ನೀಲಗಿರಿ ಎಣ್ಣೆಯ ಸರಿಯಾದ ಬಳಕೆ: ಬಾಟಲಿ ಆರಿಸುವುದರಿಂದ ಹಬೆ, ಲೇಪನ, ಡಿಫ್ಯೂಸರ್‌ವರೆಗೆ ಸಮಗ್ರ ಮಾರ್ಗದರ್ಶಿ

ನೀಲಗಿರಿ ಎಣ್ಣೆಯ ವಿಷಯದಲ್ಲಿ ಓದುಗರಿಂದ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹಬೆ ತೆಗೆದುಕೊಂಡಾಗ ಕಣ್ಣು ಉರಿಯಿತು, ಮಂಡಿಗೆ ಹಚ್ಚಿದ ಕಡೆ ಚರ್ಮ ಕೆಂಪಾಯಿತು, ಸ್ನಾನದ ನೀರಿಗೆ ಹಾಕಿದರೆ ಮೈಯೆಲ್ಲ ಉರಿ ಎದ್ದಿತು, ಮಗುವಿನ ಮೂಗಿನ ಬಳಿ ಸವರಿದ ಮೇಲೆ ಅದು ಉಸಿರಿಗೆ ಕಷ್ಟಪಟ್ಟಿತು ಎಂಬವೇ ಹೆಚ್ಚು. ಇವುಗಳಲ್ಲಿ ಬಹುಪಾಲು ತೊಂದರೆಗಳಿಗೆ ಕಾರಣ ಎಣ್ಣೆಯಲ್ಲ, ಬಳಸುವ ಕ್ರಮ. ಹನಿ ಹಾಕಿದ ಮೇಲೆ ಅದು ಎಷ್ಟಾಯಿತು, ಯಾರಿಗಾಯಿತು, ಯಾವುದರಲ್ಲಿ ಬೆರೆಯಿತು ಎಂದು ಯೋಚಿಸುವವರೇ ಹೆಚ್ಚು. ಯೋಚನೆ ಮೊದಲು, ಹನಿ ಕೊನೆಗೆ ಬರಬೇಕು. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಜೋಡಿಸಲಾಗಿದೆ, ಆದ್ದರಿಂದ ದಯವಿಟ್ಟು ನೇರವಾಗಿ ಹಬೆಯ ಭಾಗಕ್ಕೆ ಜಿಗಿಯಬೇಡಿ.

ಹಂತ 1: ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ನೋಡಿ

ಈ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್ ಎಂಬ ರಾಸಾಯನಿಕ. ಮೂಗಿಗೆ ತಂಪು ಹತ್ತಿಸುವುದೂ ಅದೇ, ಪ್ರಮಾಣ ಮೀರಿದಾಗ ನರಮಂಡಲವನ್ನು ಕೆರಳಿಸುವುದೂ ಅದೇ. ಗಾಳಿಯಲ್ಲಿ ಹರಡುವ ವಸ್ತುವಾದ್ದರಿಂದ ಬಳಸುವವರಿಗಷ್ಟೇ ಅಲ್ಲ, ಅದೇ ಕೋಣೆಯಲ್ಲಿರುವ ಎಲ್ಲರಿಗೂ ಅದು ತಲುಪುತ್ತದೆ.

ಮೊದಲನೆಯದಾಗಿ, ಮೂರ್ಛೆರೋಗ ಅಥವಾ ಫಿಟ್ಸ್ ಇರುವವರು, ಹಿಂದೆ ಒಮ್ಮೆಯಾದರೂ ಬಂದಿದ್ದವರು ಮನೆಯಲ್ಲಿದ್ದರೆ ಈ ಎಣ್ಣೆಯನ್ನು ಯಾವ ರೂಪದಲ್ಲಿಯೂ ಬಳಸಬೇಡಿ. ನೀಲಗಿರಿ ಎಣ್ಣೆಯನ್ನು ಮೂಸಿದ ಅಥವಾ ಹಚ್ಚಿಕೊಂಡ ಬಳಿಕ ಫಿಟ್ಸ್ ಬಂದ ಪ್ರಕರಣಗಳನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರೇ ವರದಿ ಮಾಡಿದ್ದಾರೆ. ನೆಗಡಿಯಾದಾಗಲೆಲ್ಲ ಫಿಟ್ಸ್ ಮರುಕಳಿಸುತ್ತದೆ ಎಂದು ಹೇಳುವ ಮನೆಗಳಲ್ಲಿ ನೆಗಡಿಗೆ ಏನು ಹಚ್ಚುತ್ತಿದ್ದಾರೆ ಎಂದು ಕೇಳಬೇಕಾದ ಅಗತ್ಯ ನಿಜಕ್ಕೂ ಇದೆ.

ಎರಡನೆಯದಾಗಿ, ಮಕ್ಕಳು. ಮೂರು ವರ್ಷದೊಳಗಿನ ಮಕ್ಕಳ ಹತ್ತಿರ ಈ ಎಣ್ಣೆ ಬರಲೇಬಾರದು, ಏಕೆಂದರೆ ಮೂಗಿನ ಬಳಿ ಸವರಿದ ತೀಕ್ಷ್ಣವಾದ ಆವಿಗೆ ಎಳೆಯ ಮಕ್ಕಳ ಧ್ವನಿಪೆಟ್ಟಿಗೆ ಬಿಗಿದುಕೊಂಡು ಉಸಿರು ಕಟ್ಟುವ ಅಪಾಯವಿದೆ. ಹತ್ತು ವರ್ಷದವರೆಗೂ ಮುಖ, ಮೂಗು, ಎದೆಯ ಮೇಲ್ಭಾಗಕ್ಕೆ ಹಚ್ಚಬಾರದು. ಕೂಸಿಗೆ ಶೀತವಾದಾಗ ಅಂಗಾಲಿಗೆ ಎರಡು ಹನಿ ಹಚ್ಚುವ ರೂಢಿ ಹಲವು ಮನೆಗಳಲ್ಲಿದೆ. ಕೂಸು ಕಾಲನ್ನು ಬಾಯಿಗೆ ತೆಗೆದುಕೊಂಡು ಹೋಗುತ್ತದೆ ಎಂಬ ಒಂದೇ ಕಾರಣ ಸಾಕು ಅದನ್ನು ಬಿಡುವುದಕ್ಕೆ.

ಆಸ್ತಮಾ ಇರುವವರಲ್ಲಿ ಕೆಲವರಿಗೆ ಇದರ ಘಾಟಿನಿಂದಲೇ ಉಬ್ಬಸ ಏಳುವುದುಂಟು. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಬೆಕ್ಕು ಸಾಕಿದ್ದರೆ ಡಿಫ್ಯೂಸರ್‌ನ (ನೀರಿಗೆ ಹಾಕಿದ ಎಣ್ಣೆಯನ್ನು ಕೋಣೆಯ ಗಾಳಿಗೆ ಹರಡುವ ಯಂತ್ರ) ಯೋಚನೆಯನ್ನೇ ಕೈಬಿಡಿ, ಏಕೆಂದರೆ ಇಂಥ ಸಾರತೈಲಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ.

ಹಂತ 2: ಸರಿಯಾದ ಬಾಟಲಿಯನ್ನು ಆರಿಸಿ

ನೀಲಗಿರಿ ಎಂಬ ಒಂದೇ ಹೆಸರಿನ ಅಡಿಯಲ್ಲಿ ಬೇರೆ ಬೇರೆ ಗಿಡಗಳ ಎಣ್ಣೆ ಮಾರಾಟವಾಗುತ್ತದೆ. ನೆಗಡಿ, ಮೈಕೈ ನೋವಿಗೆ ಬಳಸುವುದು ಯೂಕಲಿಪ್ಟಸ್ ಗ್ಲೋಬುಲಸ್ ಎಂಬ ಜಾತಿಯ ಎಲೆಯಿಂದ ಭಟ್ಟಿ ಇಳಿಸಿದ ಎಣ್ಣೆಯನ್ನು. ಊಟಿಯ ಸುತ್ತಲಿನ ಬೆಟ್ಟಗಳಲ್ಲಿ ಬೆಳೆಯುವುದು ಇದೇ. ಔಷಧ ದರ್ಜೆಯ ಎಣ್ಣೆಯಲ್ಲಿ ಸಿನಿಯೋಲ್‌ನ ಪ್ರಮಾಣ ಕನಿಷ್ಠ ಶೇ. 70ರಷ್ಟು ಇರುತ್ತದೆ. ಯೂಕಲಿಪ್ಟಸ್ ಸಿಟ್ರಿಯೊಡೋರ ಎಂಬುದು ಬೇರೆ ಜಾತಿ. ಅದರ ಎಣ್ಣೆಗೆ ನಿಂಬೆಯ ವಾಸನೆಯಿದ್ದು, ಮುಖ್ಯ ಅಂಶ ಸಿಟ್ರೊನೆಲಾಲ್. ಮೂಗು ಕಟ್ಟಿದ್ದಕ್ಕೆ ಅದನ್ನು ತಂದು, ಪ್ರಯೋಜನವಾಗಲಿಲ್ಲ ಎಂದು ದೂರುವವರು ಎಣ್ಣೆಯನ್ನು ದೂರಿ ಫಲವಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬಯಲಿನಲ್ಲಿ ಕಾಣುವ ನೀಲಗಿರಿ ತೋಪುಗಳು ಕಾಗದದ ತಿರುಳಿಗೂ ಕಂಬಗಳಿಗೂ ಬೆಳೆಸಿದ ಮೈಸೂರು ಗಮ್ ಎಂಬ ತಳಿಯವು. ಅದರ ಎಲೆಯಲ್ಲಿ ಎಣ್ಣೆಯೂ ಕಡಿಮೆ, ಆ ಎಣ್ಣೆಯಲ್ಲಿ ಸಿನಿಯೋಲ್ ಕೂಡ ಕಡಿಮೆ. ಹಾಗಾಗಿ ತೋಟದ ಬದಿಯಿಂದ ಎಲೆ ತಂದು ಕುಕ್ಕರಿನಲ್ಲಿ ಎಣ್ಣೆ ಇಳಿಸುವ ವಿಡಿಯೋಗಳನ್ನು ನಂಬಿ ಗ್ಯಾಸ್ ಖರ್ಚು ಮಾಡಬೇಡಿ.

ಬಾಟಲಿಯ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಪ್ರವಾಸಿ ಸ್ಥಳದ ಅಂಗಡಿಯಲ್ಲಿ ಚೀಟಿಯೇ ಇಲ್ಲದ ಬಾಟಲಿ ಅಗ್ಗಕ್ಕೆ ಸಿಕ್ಕಿದರೆ ನೆಲ ಒರೆಸುವುದಕ್ಕೆ ಇಟ್ಟುಕೊಳ್ಳಬಹುದು, ಮೈಗೆ ಬೇಡ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಗಾಳಿಯಾಡುವ ಕಡೆ ಇಡಿ. ಮೊದಲು ಕಾಗದ ಪಾರದರ್ಶಕವಾಗಿ ಕಾಣುತ್ತದೆ; ಶುದ್ಧ ಸಾರತೈಲವಾದರೆ ಕೆಲವು ಗಂಟೆಗಳಲ್ಲಿ ಹನಿ ಆರಿಹೋಗಿ ಕಾಗದ ಮತ್ತೆ ಬೆಳ್ಳಗಾಗುತ್ತದೆ. ಮರುದಿನವೂ ಬೋಂಡಾ ಕಟ್ಟಿದ ಪೇಪರಿನಂತೆ ಜಿಡ್ಡಿನ ಕಲೆ ಉಳಿದಿದ್ದರೆ ಯಾವುದೋ ಅಡುಗೆ ಎಣ್ಣೆ ಅಥವಾ ಖನಿಜ ತೈಲ ಬೆರೆತಿದೆ ಎಂದು ತಿಳಿಯಿರಿ. ಆದರೆ ಟರ್ಪೆಂಟೈನ್ ಬೆರೆಸಿದ್ದರೆ ಅದೂ ಆರಿಹೋಗುವುದರಿಂದ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಚೀಟಿ ಓದುವುದಕ್ಕೆ ಕಾಗದದ ಪರೀಕ್ಷೆ ಬದಲಿಯಲ್ಲ.

ಹಂತ 3: ಸಲಕರಣೆಗಳನ್ನು ಮೊದಲೇ ಜೋಡಿಸಿಕೊಳ್ಳಿ

ಬೇಕಾಗುವುದು ಇಷ್ಟೇ: ಗಾಜಿನ ಡ್ರಾಪರ್, 5 ಮಿಲಿ ಅಳತೆಯ ಚಮಚ (ಕೆಮ್ಮಿನ ಔಷಧಿಯ ಜೊತೆ ಬರುವ ಅಳತೆ ಮುಚ್ಚಳವೂ ಆದೀತು, ಆದರೆ ಮುಂದೆ ಅದನ್ನು ಔಷಧಿಗೆ ಬಳಸಕೂಡದು), ಮಿಶ್ರಣಕ್ಕೆ ಸಣ್ಣ ಗಾಢಬಣ್ಣದ ಗಾಜಿನ ಸೀಸೆ, ಅಂಟು ಚೀಟಿ, ಪೆನ್ನು. ಹಬೆಗೆ ಅಗಲ ಬಾಯಿಯ ಸ್ಟೀಲ್ ಪಾತ್ರೆ.

ಡ್ರಾಪರ್ ಏಕೆ ಅಷ್ಟು ಮುಖ್ಯವೆಂದರೆ, ಅಗ್ಗದ ಬಾಟಲಿಗಳ ಬಾಯಿಗೆ ಹನಿ ತಡೆಯುವ ಬಿಲ್ಲೆ ಇರುವುದಿಲ್ಲ. ಬಗ್ಗಿಸಿದರೆ ಎರಡು ಹನಿಯ ಬದಲು ಅರ್ಧ ಚಮಚ ಸುರಿಯುತ್ತದೆ. ಕೆಲಸ ಮುಗಿದ ಮೇಲೆ ಡ್ರಾಪರನ್ನು ಬಾಟಲಿಯಲ್ಲೇ ಬಿಡಬೇಡಿ, ಏಕೆಂದರೆ ಅದರ ರಬ್ಬರ್ ಗುಬ್ಬಿ ಎಣ್ಣೆಯ ಆವಿಗೆ ಊದಿಕೊಂಡು ಅಂಟಂಟಾಗಿ ಕೊನೆಗೆ ಎಣ್ಣೆಯೊಳಗೆ ಕರಗತೊಡಗುತ್ತದೆ. ತೆಳು ಪ್ಲಾಸ್ಟಿಕ್ ಲೋಟ, ಥರ್ಮಾಕೋಲ್ ಕಪ್ಪು ಕೂಡ ಈ ಎಣ್ಣೆಗೆ ತಡೆಯುವುದಿಲ್ಲ.

ಹಂತ 4: ಬೆರೆಸುವ ಲೆಕ್ಕ

ಶುದ್ಧ ನೀಲಗಿರಿ ಎಣ್ಣೆಯನ್ನು ಎಂದಿಗೂ ನೇರವಾಗಿ ಚರ್ಮಕ್ಕೆ ಹಚ್ಚಬಾರದು. ಅದನ್ನು ಹೊತ್ತೊಯ್ಯಲು ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ಬೇಕು. ಚಳಿಗಾಲದಲ್ಲಿ ಕೊಡಗು, ಚಿಕ್ಕಮಗಳೂರಿನ ಕಡೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದರಿಂದ ಹನಿಗಳು ಒಂದೇ ಕಡೆ ನಿಂತು, ಮಿಶ್ರಣ ಸಮನಾಗುವುದಿಲ್ಲ. ಆಗ ಎಳ್ಳೆಣ್ಣೆಯೇ ಲೇಸು.

ಲೆಕ್ಕ ಹೀಗಿದೆ. ಸಾಮಾನ್ಯ ಡ್ರಾಪರಿನಲ್ಲಿ 1 ಮಿಲಿ ಎಂದರೆ ಸುಮಾರು 20 ಹನಿ. ಒಂದು ಅಳತೆ ಚಮಚ, ಅಂದರೆ 5 ಮಿಲಿ ಕೊಬ್ಬರಿ ಎಣ್ಣೆಗೆ 1 ಹನಿ ಹಾಕಿದರೆ ಶೇ. 1ರ ಮಿಶ್ರಣ, 2 ಹನಿ ಹಾಕಿದರೆ ಶೇ. 2ರ ಮಿಶ್ರಣ. ವಯಸ್ಸಾದವರಿಗೆ, ತೆಳುವಾದ ಅಥವಾ ಒಣ ಚರ್ಮದವರಿಗೆ ಶೇ. 1 ಸಾಕು. ಆರೋಗ್ಯವಂತ ವಯಸ್ಕರ ಮೈಕೈ ನೋವಿಗೆ ಶೇ. 2ರಿಂದ ಆರಂಭಿಸಿ, ಸಣ್ಣ ಜಾಗಕ್ಕೆ ಮಾತ್ರ ಶೇ. 5ರವರೆಗೆ ಹೋಗಬಹುದು. 30 ಮಿಲಿ ಸೀಸೆಯಷ್ಟು ಮಾಡಿಡುವುದಾದರೆ ಶೇ. 2ಕ್ಕೆ 12 ಹನಿ. ಸೀಸೆಯ ಮೇಲೆ ಪ್ರಮಾಣ, ತಯಾರಿಸಿದ ದಿನಾಂಕ ಎರಡನ್ನೂ ಬರೆಯಿರಿ.

ಬರೆಯದಿದ್ದರೆ ಏನಾಗುತ್ತದೆ ಎಂಬುದು ಗೊತ್ತಿರುವುದೇ: ಮನೆಯ ಇನ್ನೊಬ್ಬರು ಅದನ್ನು ಬರೀ ಕೊಬ್ಬರಿ ಎಣ್ಣೆ ಎಂದುಕೊಂಡು ಮಗುವಿನ ತಲೆಗೆ ಹಚ್ಚುತ್ತಾರೆ.

ಇಲ್ಲಿ ಕಣ್ತಪ್ಪಿಸಿಕೊಳ್ಳುವ ಇನ್ನೊಂದು ಸಂಗತಿ, ಅಂಗಡಿಯ ಮುಲಾಮುಗಳದ್ದು. ನೆಗಡಿಗೆ, ತಲೆನೋವಿಗೆ ಹಚ್ಚುವ ಮುಲಾಮುಗಳಲ್ಲಿ ಹಲವಕ್ಕೆ ನೀಲಗಿರಿ ಎಣ್ಣೆಯನ್ನು ಮೊದಲೇ ಸೇರಿಸಿರುತ್ತಾರೆ; ವಿಕ್ಸ್ ವೇಪೊರಬ್‌ನಲ್ಲಿ ಅದರ ಜೊತೆ ಕರ್ಪೂರ, ಮೆಂಥಾಲ್ ಕೂಡ ಇವೆ. ಕರ್ಪೂರವೂ ಫಿಟ್ಸ್ ಕೆರಳಿಸಬಲ್ಲ ವಸ್ತುವೇ. ಎದೆಗೆ ಮುಲಾಮು, ಹಬೆಗೆ ಎಣ್ಣೆ, ದಿಂಬಿಗೆ ಎರಡು ಹನಿ, ಮೂಲೆಯಲ್ಲಿ ಡಿಫ್ಯೂಸರ್ ಎಂದು ಒಂದೇ ರಾತ್ರಿ ನಾಲ್ಕು ಕಡೆಯಿಂದ ತೆಗೆದುಕೊಂಡರೆ, ಪ್ರತಿಯೊಂದೂ ಮಿತಿಯೊಳಗಿದ್ದರೂ ಒಟ್ಟು ಮಿತಿ ಮೀರಿರುತ್ತದೆ. ಒಂದು ಹೊತ್ತಿಗೆ ಒಂದೇ ವಿಧಾನ ಎಂಬ ನಿಯಮವನ್ನು ಗಟ್ಟಿಯಾಗಿ ಹಿಡಿಯಿರಿ.

ಹಂತ 5: ಚರ್ಮದ ಪರೀಕ್ಷೆ

ತಯಾರಿಸಿದ ಮಿಶ್ರಣದ ಒಂದು ಹನಿಯನ್ನು ಮೊಣಕೈ ಕೆಳಗಿನ ಒಳಭಾಗಕ್ಕೆ ಹಚ್ಚಿ 24 ಗಂಟೆ ಕಾಯಿರಿ. ತುರಿಕೆ, ಕೆಂಪು, ಗುಳ್ಳೆ ಯಾವುದು ಕಂಡರೂ ಆ ಎಣ್ಣೆ ನಿಮ್ಮ ಮೈಗೆ ಒಗ್ಗುವುದಿಲ್ಲ. ಕಳೆದ ವರ್ಷ ಒಗ್ಗಿತ್ತು ಎಂಬುದು ಲೆಕ್ಕಕ್ಕೆ ಬಾರದು, ಏಕೆಂದರೆ ಹಳೆಯ ಬಾಟಲಿಯಲ್ಲಿ ಗಾಳಿಗೆ ಕೆಟ್ಟ ಎಣ್ಣೆ ಹೊಸದಕ್ಕಿಂತ ಹೆಚ್ಚು ಕೆರಳಿಸುತ್ತದೆ.

ಹಂತ 6: ಕರವಸ್ತ್ರದಿಂದ ಆರಂಭಿಸಿ

ಮೂಗು ಕಟ್ಟಿದವರು ಮೊದಲು ಮಾಡಬೇಕಾದದ್ದು ಹಬೆಯಲ್ಲ. ಮಡಿಸಿದ ಹತ್ತಿಯ ಕರವಸ್ತ್ರಕ್ಕೆ 1 ಅಥವಾ 2 ಹನಿ ಹಾಕಿ, ಒಂದು ನಿಮಿಷ ಬಿಟ್ಟು, ಮೂಗಿನಿಂದ ಗೇಣು ದೂರದಲ್ಲಿ ಹಿಡಿದು ಸಹಜವಾಗಿ ನಾಲ್ಕೈದು ಸಲ ಉಸಿರಾಡಿ, ಎತ್ತಿಡಿ. ಬಟ್ಟೆಯ ಒದ್ದೆ ಭಾಗ ಮೂಗಿಗೂ ತುಟಿಗೂ ತಾಗಬಾರದು. ಬಾಟಲಿಯ ಬಾಯಿಯನ್ನೇ ಮೂಗಿಗೆ ಹಿಡಿದು ಜೋರಾಗಿ ಎಳೆದುಕೊಳ್ಳುವುದು, ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹೊಳ್ಳೆಯೊಳಗೆ ಇಡುವುದು, ಮಾಸ್ಕಿನ ಒಳಪದರಕ್ಕೆ ಹಚ್ಚಿ ಇಡೀ ದಿನ ಓಡಾಡುವುದು, ಮೂರೂ ತಪ್ಪು.

ಈ ಎಣ್ಣೆ ಮೂಗಿನಲ್ಲಿ ಮಾಡುವುದೇನು ಎಂಬುದು ತಿಳಿದಿದ್ದರೆ ಅತಿರೇಕಕ್ಕೆ ಹೋಗಬೇಕೆನಿಸುವುದಿಲ್ಲ. ಸಿನಿಯೋಲ್ ಮೂಗಿನ ಒಳಪದರದಲ್ಲಿ ತಂಪನ್ನು ಗ್ರಹಿಸುವ ನರಗಳನ್ನು ತಟ್ಟುತ್ತದೆ, ಅದರಿಂದ ಗಾಳಿ ಸಲೀಸಾಗಿ ಹೋಗುತ್ತಿದೆ ಎಂಬ ಅನುಭವವಾಗುತ್ತದೆ. ಒಳಗಿನ ಊತ ಮಾತ್ರ ಅಷ್ಟರಿಂದಲೇ ಇಳಿದಿರುವುದಿಲ್ಲ. ಆರಾಮ ಎನಿಸುವುದು ನಿಜ, ಅದಕ್ಕೆ ಬೆಲೆಯೂ ಇದೆ. ಆದರೆ ಎರಡು ಹನಿಗೆ ಸಿಗದ ಆರಾಮ ಹತ್ತು ಹನಿಗೂ ಸಿಗುವುದಿಲ್ಲ.

ಹಂತ 7: ಹಬೆ ತೆಗೆದುಕೊಳ್ಳುವ ಕ್ರಮ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಇದು ವಯಸ್ಕರಿಗೆ ಮಾತ್ರ. ಮಕ್ಕಳಿಗೆ ಹಬೆ ಕೊಡಲು ಹೋಗಿ ಬಿಸಿನೀರು ಮೈಮೇಲೆ ಬಿದ್ದು ಸುಡುವುದು ಎಣ್ಣೆಗಿಂತ ದೊಡ್ಡ ಅಪಾಯ.

1. ಅರ್ಧ ಲೀಟರ್ ನೀರನ್ನು ಕುದಿಸಿ, ಸ್ಟೌ ಆರಿಸಿ, ಪಾತ್ರೆಯನ್ನು ಅಲುಗಾಡದ ಮೇಜಿನ ಮೇಲೆ ಇಡಿ. ತೊಡೆಯ ಮೇಲಾಗಲಿ, ಹಾಸಿಗೆಯ ಮೇಲಾಗಲಿ ಇಟ್ಟುಕೊಳ್ಳಬಾರದು. ಉರಿಯುತ್ತಿರುವ ಒಲೆಯ ಮೇಲಿರುವಾಗ ಎಣ್ಣೆ ಹಾಕುವಂತೆಯೇ ಇಲ್ಲ, ಏಕೆಂದರೆ ಇದರ ಆವಿ ಸುಮಾರು 50 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು.

2. ನಾಲ್ಕೈದು ನಿಮಿಷ ತಣಿಯಲು ಬಿಡಿ.

3. 2 ಹನಿ ಹಾಕಿ. ಅಭ್ಯಾಸವಿರುವವರು 3 ಹನಿ ಹಾಕಿಕೊಳ್ಳಬಹುದು. ಹಾಕುವಾಗ ಮುಖ ಪಾತ್ರೆಯ ಮೇಲಿರಬಾರದು.

4. ಅರ್ಧ ನಿಮಿಷ ಕಾದು, ಕಣ್ಣು ಮುಚ್ಚಿ, ಒಂದು ಅಡಿ ದೂರದಿಂದ ಉಸಿರಾಡಿ. ಮೊದಲ ಸಲ ತಲೆಯ ಮೇಲೆ ಟವೆಲ್ ಬೇಡ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದರೆ ಮೊದಲೇ ತೆಗೆದಿಡಿ.

5. ಐದು ನಿಮಿಷಕ್ಕೆ ನಿಲ್ಲಿಸಿ. ದಿನಕ್ಕೆ ಎರಡು ಬಾರಿ ಸಾಕು.

ಅರ್ಧ ನಿಮಿಷ ಕಾಯುವುದಕ್ಕೆ ಕಾರಣವಿದೆ. ಎಣ್ಣೆ ನೀರಿನಲ್ಲಿ ಕರಗದೆ ಬಣ್ಣಬಣ್ಣದ ತೆಳು ಪೊರೆಯಾಗಿ ಮೇಲೆ ಹರಡಿಕೊಳ್ಳುವುದನ್ನು ನೀವೇ ನೋಡಬಹುದು. ಶುದ್ಧ ಸಿನಿಯೋಲ್ ಕುದಿಯಲು ಸುಮಾರು 176 ಡಿಗ್ರಿ ಬೇಕಾದರೂ ನೀರಿನ ಆವಿಯ ಜೊತೆ ಅದು ಬಹಳ ಬೇಗ ಏಳುತ್ತದೆ. ಎಲೆಯಿಂದ ಎಣ್ಣೆಯನ್ನು ಭಟ್ಟಿ ಇಳಿಸುವುದೂ ಇದೇ ಗುಣದಿಂದ. ಹಾಗಾಗಿ ಹಾಕಿದ ಎಣ್ಣೆಯ ದೊಡ್ಡ ಪಾಲು ಮೊದಲ ಕ್ಷಣಗಳಲ್ಲೇ ಒಟ್ಟಿಗೆ ಮೇಲೇಳುತ್ತದೆ, ಕಣ್ಣು ಉರಿಯುವುದು ಆಗಲೇ. ಮೂರನೇ ನಿಮಿಷದ ಹೊತ್ತಿಗೆ ವಾಸನೆ ಕಡಿಮೆಯಾದಂತೆ ಕಾಣುತ್ತದೆ: ಸ್ವಲ್ಪ ಎಣ್ಣೆ ಹೋಗಿರುತ್ತದೆ, ಸ್ವಲ್ಪ ಮೂಗು ಒಗ್ಗಿಕೊಂಡಿರುತ್ತದೆ. ಆಗ ಇನ್ನೆರಡು ಹನಿ, ಮತ್ತೆರಡು ಹನಿ ಎಂದು ಸುರಿಯುವುದೇ ತಲೆನೋವು, ತಲೆಸುತ್ತಿನ ಮೂಲ.

ಹಂತ 8: ಮೈಕೈ ನೋವಿಗೆ ಲೇಪನ

ಪರೀಕ್ಷಿಸಿದ ಶೇ. 2ರ ಮಿಶ್ರಣವನ್ನು ಒಂದು ಚಮಚದಷ್ಟು ತೆಗೆದುಕೊಂಡು ಮಂಡಿ, ಮೀನಖಂಡ, ಭುಜ ಮೊದಲಾದ ಕಡೆ ಐದು ನಿಮಿಷ ತಿಕ್ಕಿ. ಗಾಯ, ಬಿರುಕು, ಈಗಷ್ಟೇ ಬೋಳಿಸಿದ ಚರ್ಮಕ್ಕೆ ತಾಗಬಾರದು. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡುವುದು, ಪ್ಲಾಸ್ಟಿಕ್ ಸುತ್ತುವುದು, ಕ್ರೇಪ್ ಬ್ಯಾಂಡೇಜ್ ಬಿಗಿಯುವುದು ಬೇಡ. ಶಾಖ ಮತ್ತು ಒತ್ತಡ ಎರಡೂ ಎಣ್ಣೆಯನ್ನು ಚರ್ಮದೊಳಗೆ ಹೆಚ್ಚು ಇಳಿಸುತ್ತವೆ, ಗುಳ್ಳೆ ಏಳುವುದು ಬಹುತೇಕ ಇಂಥ ಸಂದರ್ಭಗಳಲ್ಲೇ.

ಕೈಯನ್ನು ಸೋಪಿನಿಂದ ತೊಳೆದೇ ಮುಂದಿನ ಕೆಲಸ. ತಲೆನೋವಿಗೆ ಹಣೆಗೆ ಹಚ್ಚುವವರು ಶೇ. 1ಕ್ಕಿಂತ ಹೆಚ್ಚಿನ ಮಿಶ್ರಣ ಬಳಸಬಾರದು, ಹುಬ್ಬಿನಿಂದ ಎರಡು ಬೆರಳು ಮೇಲಕ್ಕೇ ನಿಲ್ಲಿಸಬೇಕು. ಬೆವರಿದಾಗ ಅದು ಕಣ್ಣಿಗೇ ಇಳಿಯುತ್ತದೆ. ನೋವು ವಾರ ಕಳೆದರೂ ಇದ್ದರೆ, ಕೀಲು ಊದಿ ಬಿಸಿಯಾಗಿದ್ದರೆ ತಿಕ್ಕುವುದನ್ನು ಬಿಟ್ಟು ವೈದ್ಯರ ಬಳಿ ಹೋಗಿ.

ಹಂತ 9: ಕೋಣೆಗೆ ಡಿಫ್ಯೂಸರ್

100 ಮಿಲಿ ನೀರಿಗೆ 3 ಹನಿ, ಕಿಟಕಿ ಸ್ವಲ್ಪ ತೆರೆದಿರಲಿ, ಅರ್ಧ ಗಂಟೆಗೆ ಯಂತ್ರ ಆರಿಸಿ. ಮಲಗುವಾಗ ಹಾಕಿಟ್ಟು ಬೆಳಗಿನವರೆಗೆ ಬಿಡುವುದು ಸಲ್ಲದು. ಹೊರಗಿನಿಂದ ಬಂದವರಿಗೆ ಘಾಟು ಎನಿಸಿದರೆ, ಒಳಗೇ ಕುಳಿತ ನಿಮಗೆ ಎನಿಸದಿದ್ದರೂ, ಪ್ರಮಾಣ ಹೆಚ್ಚಾಗಿದೆ ಎಂದರ್ಥ.

ಯಾವ ಕಾರಣಕ್ಕೂ ಮಾಡಬಾರದವು

ಸ್ನಾನದ ಬಕೆಟ್ಟಿಗೆ ನೇರವಾಗಿ ಹನಿ ಹಾಕಬೇಡಿ. ಅದು ನೀರಿನಲ್ಲಿ ಬೆರೆಯದೆ ಮೇಲೇ ತೇಲುತ್ತದೆ, ಮೊದಲ ಚೊಂಬಿನಲ್ಲೇ ಹೆಚ್ಚುಕಡಿಮೆ ಶುದ್ಧ ಎಣ್ಣೆ ಮೈಗೆ ಬೀಳುತ್ತದೆ. ವಾಸನೆ ಬೇಕೆನ್ನುವವರು ಹಳೆಯ ಪದ್ಧತಿಯಂತೆ ಒಂದು ಹಿಡಿ ನೀಲಗಿರಿ ಎಲೆಯನ್ನು ನೀರಿನಲ್ಲಿ ಕುದಿಸಿ ಸೋಸಿಕೊಳ್ಳುವುದು ಎಷ್ಟೋ ಮೃದು. ಈ ಒಂದು ವಿಷಯದಲ್ಲಿ ಅಜ್ಜಿಯಂದಿರ ಲೆಕ್ಕವೇ ಸರಿಯಾಗಿತ್ತು.

ಸೊಳ್ಳೆ ಓಡಿಸುವ ವಿದ್ಯುತ್ ಯಂತ್ರದ ಖಾಲಿ ಸೀಸೆಗೆ ನೀಲಗಿರಿ ಎಣ್ಣೆ, ಬೇವಿನೆಣ್ಣೆ, ಕರ್ಪೂರ ತುಂಬಿಸುವ ಉಪಾಯ ವಾಟ್ಸ್ಆ್ಯಪ್‌ನಲ್ಲಿ ಪ್ರತಿ ಮಳೆಗಾಲವೂ ಸುತ್ತುತ್ತದೆ. ಬಿಸಿಯಾಗುವ ಬತ್ತಿಗೆ ಬೇಗ ಹೊತ್ತಿಕೊಳ್ಳುವ ಎಣ್ಣೆಯನ್ನು ಉಣಿಸಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಆ ಆವಿಯನ್ನು ಉಸಿರಾಡುವ ಈ ಏರ್ಪಾಡಿನಲ್ಲಿ ಬೆಂಕಿಯ ಅಪಾಯವೂ ಇದೆ, ವಿಷದ ಅಪಾಯವೂ ಇದೆ.

ಕುಡಿಯುವುದು, ಸಕ್ಕರೆಗೆ ಹನಿಸಿ ತಿನ್ನುವುದು, ಕಷಾಯಕ್ಕೆ ಬೆರೆಸುವುದು, ಬಾಯಿ ಮುಕ್ಕಳಿಸುವುದು ಇವು ಯಾವುವೂ ಬೇಡ. ವಯಸ್ಕರಲ್ಲಿ ಒಂದು ಚಮಚದಷ್ಟು ಹೊಟ್ಟೆ ಸೇರಿದರೂ ಗಂಭೀರ ವಿಷವಾದದ್ದುಂಟು, ಮಕ್ಕಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು.

ಹಂತ 10: ಎತ್ತಿಡುವುದು

ಬಾಟಲಿಯ ಮುಚ್ಚಳ ಬಿಗಿದು, ಬಿಸಿಲು ಬೀಳದ, ಒಲೆಯಿಂದಲೂ ದೇವರ ದೀಪದಿಂದಲೂ ದೂರವಿರುವ, ಬೀಗವಿರುವ ಕಪಾಟಿನಲ್ಲಿಡಿ. ಕೆಮ್ಮಿನ ಸಿರಪ್ಪಿನ ಸಾಲಿನಲ್ಲಿ ಮಾತ್ರ ಇಡಬಾರದು: ರಾತ್ರಿ ಲೈಟು ಹಾಕದೆ ಕೈಗೆ ಸಿಕ್ಕ ಬಾಟಲಿಯಿಂದ ಚಮಚ ತುಂಬಿಸುವುದು ಎಲ್ಲರ ಮನೆಯಲ್ಲೂ ನಡೆಯುತ್ತದೆ. ಬಣ್ಣ ಗಾಢವಾಗಿದ್ದರೆ, ಎಣ್ಣೆ ದಪ್ಪಗಾಗಿದ್ದರೆ, ತಾಜಾ ಘಾಟಿನ ಬದಲು ಟರ್ಪೆಂಟೈನಿನಂಥ ವಾಸನೆ ಬರುತ್ತಿದ್ದರೆ ಮೈಗೆ ಬಳಸುವುದನ್ನು ನಿಲ್ಲಿಸಿ. ಅದನ್ನು ಡಬ್ಬಿಗಳ ಮೇಲಿನ ಸ್ಟಿಕರ್ ಅಂಟು, ಕನ್ನಡಿಗೆ ಅಂಟಿದ ಬಿಂದಿಯ ಗೋಂದು ತೆಗೆಯಲು ಬಳಸಬಹುದು, ಆ ಕೆಲಸಕ್ಕೆ ಹಳೆಯ ಎಣ್ಣೆಯೂ ಚೆನ್ನಾಗಿಯೇ ಒದಗುತ್ತದೆ.

ಎಚ್ಚರಿಕೆಯ ಲಕ್ಷಣಗಳು ಮತ್ತು ತಕ್ಷಣ ಮಾಡಬೇಕಾದದ್ದು

ತಲೆ ಭಾರ, ತಲೆಸುತ್ತು, ವಾಕರಿಕೆ, ಕಣ್ಣಲ್ಲಿ ನೀರು, ಒಣ ಕೆಮ್ಮು ಶುರುವಾದರೆ ಎಣ್ಣೆಯ ಮೂಲವನ್ನು ಮುಚ್ಚಿ ತೆರೆದ ಗಾಳಿಗೆ ಬನ್ನಿ. ಎದೆ ಬಿಗಿದು ಉಬ್ಬಸವಾದರೆ ವೈದ್ಯರನ್ನು ಕಾಣಲು ಮರುದಿನದವರೆಗೆ ಕಾಯಬೇಡಿ. ಚರ್ಮ ಉರಿಯುತ್ತಿದ್ದರೆ ಮೊದಲು ಸಾದಾ ಅಡುಗೆ ಎಣ್ಣೆಯಿಂದ ಒರೆಸಿ, ಅನಂತರ ಸೋಪು ಹಚ್ಚಿ ತೊಳೆಯಿರಿ. ಬರೀ ನೀರು ಎಣ್ಣೆಯನ್ನು ಹರಡುತ್ತದೆಯೇ ಹೊರತು ತೆಗೆಯುವುದಿಲ್ಲ. ಕಣ್ಣಿಗೆ ಬಿದ್ದರೆ ಹರಿಯುವ ತಣ್ಣೀರಿನಲ್ಲಿ 15 ನಿಮಿಷ ತೊಳೆದು ಕಣ್ಣಿನ ವೈದ್ಯರ ಬಳಿ ಹೋಗಿ.

ಯಾರಾದರೂ ಕುಡಿದಿದ್ದರೆ, ಅಥವಾ ಮಗುವಿನ ಬಾಯಿಂದ ನೀಲಗಿರಿ ವಾಸನೆ ಬರುತ್ತಿದ್ದರೆ, ಲಕ್ಷಣಗಳಿಗಾಗಿ ಕಾಯದೆ 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ. ಮಂಪರು, ನಡಿಗೆಯಲ್ಲಿ ತೂರಾಟ, ವಾಂತಿ, ಫಿಟ್ಸ್ ಇವು ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳಬಹುದು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ, ಏಕೆಂದರೆ ಮೇಲೆ ಬರುವಾಗ ಎಣ್ಣೆ ಶ್ವಾಸಕೋಶಕ್ಕೆ ಜಾರಿದರೆ ತೊಂದರೆ ಇಮ್ಮಡಿಯಾಗುತ್ತದೆ. ಹಾಲು, ತುಪ್ಪ, ಎಣ್ಣೆಯೂ ಬೇಡ. ಮಂಪರಿದ್ದರೆ ಎಡ ಮಗ್ಗುಲಿಗೆ ಮಲಗಿಸಿಕೊಂಡು ಹೋಗಿ. ಬಾಟಲಿಯನ್ನು ಜೊತೆಯಲ್ಲೇ ಕೊಂಡೊಯ್ದು, ಅದರಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ಎಷ್ಟು ಹೊತ್ತಿಗೆ ಕುಡಿದದ್ದು ಎಂಬ ಮೂರನ್ನೂ ವೈದ್ಯರಿಗೆ ತಿಳಿಸಿ.